ಮೊದಲ ಡಿಸ್ಕ್

ಗುರುವಾರ, ಮಾರ್ಚ್ ೧೨

ಹಳೆಯ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕುವುದನ್ನು ಪದ್ಯದಲ್ಲಿ ಹೇಳಿಕೊಡುವ ನನ್ನ ಕೈಪಿಡಿಯನ್ನು ಇವತ್ತು ತಿದ್ದಲು ಕೂತೆ. ಎರಡು ಡಿಸ್ಕ್ ಇರುವ ಯಂತ್ರವೊಂದರಲ್ಲಿ ನನ್ನದೇ ಸೂಚನೆಯಂತೆ ಮಾಡಿ ನೋಡಿದೆ. ಪರದೆಯ ಮೇಲಿನ ಡಿಸ್ಕ್ ಪಟ್ಟಿಯಲ್ಲಿ ಮೊದಲು ಬಂದದ್ದು ಖಾಲಿ ಡಿಸ್ಕಲ್ಲ, ತುಂಬಿದ್ದು.

ನಾನು ಬರೆದಿದ್ದದ್ದು: "ಮೊದಲ ಡಿಸ್ಕ್ ಆರಿಸಿ, ಇದ್ದದ್ದೆಲ್ಲ ಅಳಿಸಿ." ಗಾತ್ರ ನೋಡಿಕೊಳ್ಳಿ ಎಂಬ ಮಾತೂ ನಡುವೆ ಇತ್ತು. ಪ್ರಾಸ ಕೆಡುತ್ತದೆಂದು ಕಿತ್ತುಹಾಕಿದ್ದೆ. ಪ್ರಾಸಕ್ಕಾಗಿ ಇಷ್ಟು ತ್ರಾಸ ತಂದುಕೊಂಡವನು ನಾನೊಬ್ಬನೇ ಇರಬೇಕು.

ಹೆರಿಗೆಮನೆ ನಡೆಸುವ ಅಕ್ಕನ ಕಂಪ್ಯೂಟರಿಗೂ ಎರಡು ಡಿಸ್ಕ್. ಹೊಸದು ಲಿನಕ್ಸಿಗೆಂದೇ ಹಾಕಿಸಿದ್ದು. ಹಳೆಯದರಲ್ಲಿ ಇಪ್ಪತ್ತು ವರ್ಷ ಅಲ್ಲಿ ಹುಟ್ಟಿದ ಮಕ್ಕಳ ದಾಖಲೆ, ಬೇರೆಲ್ಲೂ ನಕಲಿಲ್ಲ.

ನಿನ್ನೆ ಫೋನಿನಲ್ಲಿ ಹೇಳಿದ್ದಳು: "ನಾಳೆ ಸಂಜೆ ನಾನೇ ಹಾಕ್ಕೋತೀನಿ ಕಣೋ. ನೀನು ಬಂದ್ರೆ ಬರೀ ಕಾಫಿ ಖರ್ಚು."

"ಕೈಪಿಡಿ ಪಕ್ಕದಲ್ಲಿಟ್ಕೋ ಅಕ್ಕ," ಎಂದೆ.

"ಯಾಕೋ? ನಿನ್ನ ಪದ್ಯ ಬಾಯಿಪಾಠ ಆಗಿದೆ. ಅಂತೂ ನೀನು ಬರೆದದ್ದು ಒಂದಾದ್ರೂ ಉಪಯೋಗಕ್ಕೆ ಬಂತು ಬಿಡು!"

ನಾನು ಉಬ್ಬಿಹೋಗಿದ್ದೆ.

ಪುಟವನ್ನೇನೋ ತಿದ್ದಿದೆ. ಅವಳು ಪುಟ ನೋಡಬೇಕಲ್ಲ. ಆರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಯಾರಿಗೋ ಹೆರಿಗೆ ನೋವು ಬಂದಿರಬಹುದು, ಕಂಪ್ಯೂಟರ್ ಮುಟ್ಟಿರಲಾರಳು ಎಂದುಕೊಂಡೆ.

ಈಗಷ್ಟೇ ಸಂದೇಶ ಬಂತು: "ಆಯ್ತು ಕಣೋ! ಅಷ್ಟೂ ಅಳಿಸೋಕೆ ಎರಡೇ ನಿಮಿಷ."

ಯಾವ ಡಿಸ್ಕ್ ಎಂದು ಕೇಳಿ ಬರೆದೆ, ಕಳಿಸದೆ ಅಳಿಸಿದೆ. ಕೇಳದಿರುವಷ್ಟು ಹೊತ್ತಾದರೂ ಆ ಮಕ್ಕಳೆಲ್ಲ ಅಲ್ಲೇ ಇರಲಿ.