ಸೋಮವಾರ ಪಾರ್ಕಿಗೆ ರಜೆ

ಏಪ್ರಿಲ್ 3

ಎರಡು ಪ್ಯಾಂಟಿನ ಅಂಚು ಮಡಿಸಿ ಹೊಲಿದಾಯಿತು. ಪರದೆ ಇನ್ನೂ ಬಾಕಿ. ಅಷ್ಟರಲ್ಲಿ ಇವರ ಅಕ್ಕ ಬಂದರು, ಮಕ್ಕಳ ಸಮೇತ. ಒಬ್ಬರೂ ಬಾಲ್ಕನಿ ಬಿಟ್ಟು ಕದಲಲಿಲ್ಲ. ಕಾಂಪೌಂಡಿನಾಚೆ ಪಾರ್ಕಿನ ರೋಲರ್ ಕೋಸ್ಟರ್. ಬೋಗಿ ಏರುತ್ತದೆ, ತುದಿಯಲ್ಲಿ ಚೂರು ನಿಲ್ಲುತ್ತದೆ, ಆಮೇಲೆ ಕೂತವರೆಲ್ಲ ಒಂದೇ ಬಾಯಲ್ಲಿ ಕಿರುಚುತ್ತಾರೆ.

"ಇಷ್ಟು ಗಲಾಟೇಲಿ ಅದು ಹೇಗಿರ್ತೀಯೇ?"

"ಯಾವ ಗಲಾಟೆ ಅತ್ತಿಗೆ?" ಅಂದೆ. ತಮಾಷೆಗಲ್ಲ. ನಿಜಕ್ಕೂ ಕೇಳಿಸಿರಲಿಲ್ಲ.

ಮೊದಲ ವರ್ಷ ನಾವೂ ಹೀಗೇ ಬಾಯಿಬಿಟ್ಟುಕೊಂಡು ನೋಡಿದವರೇ. ಇವರಿಗೆ ಕೆಲಸ ಅಲ್ಲೇ — ಕೂತವರ ಎದೆಪಟ್ಟಿ ಸರಿಯಾಗಿ ಬಿಗಿದಿದೆಯೇ ಎಂದು ಎಳೆದು ನೋಡುವುದು. ಮನೆಯವರಿಗೆ ಪುಕ್ಕಟೆ ಪಾಸು. ಹೋದದ್ದೇ ಹೋದದ್ದು. ಈಗ ಪಾಸುಗಳು ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತಿವೆ.

ಏಪ್ರಿಲ್ 7, ಸೋಮವಾರ

ಪಾರ್ಕಿಗೆ ವಾರದ ರಜೆ. ಇವರ ನೀಲಿ ಯೂನಿಫಾರ್ಮು ಒಗೆದು ಟೆರೇಸಿನಲ್ಲಿ ಹರವಿದೆ. ಅಲ್ಲಿಯ ಗೋಡೆ ನನ್ನ ಮೊಣಕಾಲಿನಷ್ಟೇ ಎತ್ತರ. ಮಾಲೀಕರಿಗೆ ಹೇಳಿ ಹೇಳಿ ನಾಲಿಗೆ ಸವೆಯಿತು. ಮಗಳು ಚಿನಕುರುಳಿಗೆ ಮಾತ್ರ ಕಟ್ಟಪ್ಪಣೆ — ಒಬ್ಬಳೇ ಟೆರೇಸಿಗೆ ಹೋಗಕೂಡದು.

ಇವರು ಊಟ ಮಾಡಿ ಮಲಗಿದರು, ಗೊರಕೆ ಶುರು. ಹೊರಗೆ ಎಂಥ ಮೌನ! ನನ್ನ ಮಷೀನಿನ ಸದ್ದಿಗೆ ನಾನೇ ಬೆಚ್ಚಿದೆ. "ಅಮ್ಮ, ಬೋರು... ನಾನೇ ಕಿರುಚಲಾ?" ಅಂದವಳೇ ಕಿರುಚಿದಳು, ಎಂಟು ವರ್ಷದ ನಮ್ಮ ಚಿನಕುರುಳಿ. ಥೇಟ್ ಬೋಗಿಯ ಮುಂದಿನ ಸಾಲಿನವರ ಹಾಗೆ. ನಕ್ಕು ನಕ್ಕು ಸಾಕಾಯಿತು.

ಏಪ್ರಿಲ್ 10

ಮೇಲಿನ ಮನೆಯ ಟೀಚರಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ. ರಿಟೈರ್ ಆದವರು, ಒಂಟಿ ಜೀವ. ಮಧ್ಯಾಹ್ನವಿಡೀ ಕೂಗಿದ್ದಾರೆ. ಹಾಲಿನವನು ಬಂದು ಬಾಗಿಲು ತಟ್ಟಿದ ಮೇಲೇ ಗೊತ್ತಾದದ್ದು. ಸೊಂಟದ ಮೂಳೆ ಮುರಿದಿದೆ.

ಸ್ಟ್ರೆಚರಿನಲ್ಲಿ ಇಳಿಸುವಾಗ ನನ್ನ ಕೈ ಹಿಡಿದುಕೊಂಡರು. "ನಿನ್ನ ಮಷೀನಿನ ಸದ್ದು ಕೇಳ್ತಾನೇ ಇತ್ತಮ್ಮ. ಹೇಗೂ ನೀನು ಮನೇಲಿದೀಯಲ್ಲ ಅಂತ ಧೈರ್ಯ ಇತ್ತು."

ಬೈದಿದ್ದರೆ ವಾಸಿಯಿತ್ತು.

ಕೇಳಿಸಿತ್ತು ನನಗೆ. ಒಂದೆರಡು ಸಲ. ಪಾರ್ಕಿನದು ಅಂದುಕೊಂಡು ಪರದೆ ಹೊಲಿಯುತ್ತಲೇ ಇದ್ದೆ.

ಏಪ್ರಿಲ್ 12

ಈಗ ಪ್ರತಿಯೊಂದು ಕಿರುಚೂ ಕೇಳಿಸುತ್ತದೆ. ಕೇಳಿಸಿದಾಗಲೆಲ್ಲ ಬೆಚ್ಚುತ್ತೇನೆ. ಸೂಜಿ ಬೆರಳಿಗೆ ಹೊಕ್ಕಿತು. ಮೆಟ್ಟಿಲಿಗೆ ಓಡುತ್ತೇನೆ, ಕಿವಿ ಕೊಡುತ್ತೇನೆ, ವಾಪಸು ಬರುತ್ತೇನೆ. ಕೆಳಗಿನ ಮನೆಯವರು ನನ್ನನ್ನು ಒಂಥರಾ ನೋಡುತ್ತಿದ್ದಾರೆ.

ಸಂಜೆ ಒಂದು ಹುಚ್ಚು ಪರೀಕ್ಷೆ ಮಾಡಿದೆ. ಚಿನಕುರುಳಿಯನ್ನು ಬಾಲ್ಕನಿಯಲ್ಲಿ ನಿಲ್ಲಿಸಿದೆ. "ನಿಂಗೆ ಬೇಕಾದಾಗ ಕಿರುಚು ಕಂದ." ನಾನು ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ನಿಂತೆ. ಬೋಗಿ ಇಳಿಯಿತು, ಮತ್ತೆ ಇಳಿಯಿತು. ಕಾದೇ ಕಾದೆ.

"ಯಾಕೆ ಕಿರುಚಲಿಲ್ಲ?"

"ಮೂರು ಸಲ ಕಿರುಚಿದೆನಲ್ಲಮ್ಮಾ!"

ಹೆತ್ತ ಮಗಳ ದನಿ ಗೊತ್ತಾಗಲಿಲ್ಲ ನನಗೆ. ಇದಕ್ಕಿಂತ ಭಯ ಇನ್ನೇನಿದೆ?

ಏಪ್ರಿಲ್ 13

ಇವರು ಒಂದು ಸೀಟಿ ತಂದರು, ಕೆಂಪು ದಾರದ್ದು. ಅವಳ ಕೊರಳಿಗೆ ಹಾಕಿದರು. "ಏನಾದ್ರೂ ಆದ್ರೆ ಕಿರುಚಬೇಡ. ಇದನ್ನ ಊದು. ಅಮ್ಮ ಓಡಿ ಬರ್ತಾಳೆ."

ಊದಿಸಿ ನೋಡಿದರು. ನಾನು ಓಡಿ ಹೋಗಿ ಕುಕ್ಕರಿನ ಗ್ಯಾಸ್ ಆರಿಸಿದೆ! ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಆಮೇಲೆ ಯಾಕೋ ಅಳು ಬಂತು. ಎರಡನೇ ಸಲ ಸರಿಯಾಗಿ ಗುರುತು ಹಿಡಿದೆ. ಸ್ನಾನಕ್ಕೆ ಹೋಗುವಾಗಲೂ ತೆಗೆಯಬಾರದು ಎಂದು ಆಣೆ ಹಾಕಿಸಿಕೊಂಡೆ.

ಏಪ್ರಿಲ್ 26

ಶಾಲೆಗಳಿಗೆ ರಜೆ, ಪಾರ್ಕಿನಲ್ಲಿ ಕಾಲಿಡಲು ಜಾಗವಿಲ್ಲ. ಶಾಲೆ ತೆರೆಯುವವರೆಗೆ ಸೋಮವಾರವೂ ಪಾರ್ಕು ನಡೆಯುತ್ತದಂತೆ. ಇವರಿಗೆ ಒಂದು ದಿನವೂ ಬಿಡುವಿಲ್ಲ.

ಮನೆ ಬದಲಿಸೋಣ ಅಂದೆ.

"ಎಲ್ಲಿಗೆ ಹೋದ್ರೂ ಒಂದಲ್ಲ ಒಂದು ಸದ್ದು ಇದ್ದೇ ಇರುತ್ತೆ ಕಣೇ. ಅಭ್ಯಾಸ ಆಗುತ್ತೆ ಬಿಡು."

"ಅಭ್ಯಾಸ ಆಗೋದೇ ನನಗೆ ಭಯ ರೀ."

ತಿರುಗಿ ನೋಡಿದರೆ ಕೂತಲ್ಲೇ ನಿದ್ದೆ ಹೋಗಿದ್ದರು.

ಜೂನ್ 2, ಸಂಜೆ

ಬರೆಯದೆ ಎಷ್ಟು ದಿನವಾಯಿತು! ಬರೆಯುವಂಥ ಭಯ ಇರಲಿಲ್ಲ. ಟೀಚರಮ್ಮ ತಂಗಿಯ ಮನೆಯಲ್ಲಿ ಕೋಲು ಹಿಡಿದು ಓಡಾಡುತ್ತಿದ್ದಾರಂತೆ. ಫೋನಿನಲ್ಲಿ ನನಗೇ ಸಮಾಧಾನ ಹೇಳಿದರು.

ಶಾಲೆ ಶುರುವಾಯಿತು. ಅಂತೂ ಇವರಿಗೂ ರಜೆ ಸಿಕ್ಕಿತು, ಊಟ ಮಾಡಿ ಮಲಗಿದವರು ಇನ್ನೂ ಎದ್ದಿಲ್ಲ. ಪಾಪ, ಎಷ್ಟು ವಾರದ ದಣಿವೋ. ಚಿನಕುರುಳಿ ಅಪ್ಪನ ಯೂನಿಫಾರ್ಮು ತರಲು ಟೆರೇಸಿಗೆ ಹೋಗಿದ್ದಾಳೆ. "ನಾನೇ ತರ್ತೀನಮ್ಮ, ನೀನು ಬರ್ಕೋ." ಸೀಟಿ ಬಂದ ಮೇಲೆ ಅಷ್ಟು ಸಡಿಲ ಬಿಟ್ಟಿದ್ದೇನೆ. ಎಷ್ಟೂಂತ ಕಟ್ಟಿಹಾಕುವುದು?

ಇವರು ಹೇಳಿದ್ದೇ ಸರಿ. ಅಭ್ಯಾಸವಾಯಿತು. ಈಗಷ್ಟೇ ಒಂದು ಕಿರುಚು ಕೇಳಿಸಿತು, ಪೆನ್ನು ನಿಲ್ಲಲೇ ಇಲ್ಲ. ಮೊದಲಾಗಿದ್ದರೆ ಮೆಟ್ಟಿಲವರೆಗೆ ಓಡುತ್ತಿದ್ದೆ. ಇಗೋ, ಇನ್ನೊಂದು. ಉದ್ದನೆಯದು. ಮುಂದಿನ ಸಾಲಿನವರದೇ ಇರಬೇಕು. ಹೆದರುವುದೇಕೆ, ಹೇಗೂ ಅವಳ ಕೊರಳಲ್ಲಿ ಸೀಟಿ...

ಸೀಟಿ ಇಲ್ಲೇ ಇದೆ. ಶಾಲೆಯ ಚೀಲಕ್ಕೆ ಸಿಕ್ಕಿಸಿಟ್ಟಿದ್ದಾಳೆ. ಕ್ಲಾಸಿನಲ್ಲಿ ತೆಗೆಸಿರಬೇಕು. ಬರಲಿ, ವಿಚಾರಿಸಿಕೊಳ್ಳುತ್ತೇನೆ.

ಒಳಗೆ ಇವರ ಗೊರಕೆ ಎಷ್ಟು ಜೋರಾಗಿ ಕೇಳಿಸುತ್ತಿದೆ. ಹೊರಗೆ ಬೇರೇನೂ ಸದ್ದಿಲ್ಲ —

ಇವರು ಮನೆಯಲ್ಲಿದ್ದಾರೆ. ಯೂನಿಫಾರ್ಮು ಟೆರೇಸಿನಲ್ಲಿದೆ. ಇವತ್ತು ಸೋಮ