ಭಾವ ಎಡವಿರಲಿಲ್ಲ

ಹದಿನಾರನೇ ತಾರೀಖು
ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಂಡಿನೋವು ಮಾತ್ರ ನನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲವೆಂದು ಹಟ ಹಿಡಿದು ಕೂತಿದೆ. ನಿನ್ನ ಆಫೀಸಿನ ಹುಡುಗಿ ಕಳಿಸಿದ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ನೆನಪಾಗದಿದ್ದರೆ ನಾನೇ ಹುಡುಕಿಕೊಳ್ಳುತ್ತಿದ್ದೆ. ಬೇಸರ ಮಾಡಿಕೊಳ್ಳಬೇಡ. ಪೊಟ್ಟಣ ಕಟ್ಟಿದ ಪೇಪರು ಬಿಡಿಸಿ ಓದುತ್ತಾ ಅಕ್ಷರ ಕಲಿತವಳು ನಾನು, ನನ್ನ ಕಾಗದ ನಿಧಾನವಾಗಿಯೇ ನಡೆಯುತ್ತದೆ.

ಕಾರ್ಖಾನೆಯಲ್ಲಿ ಹೊಸದಾಗಿ ಪ್ರದರ್ಶನದ ಕೋಣೆ ಮಾಡಿಸುತ್ತಿದ್ದೀಯಂತೆ. ನಾವು ಮೂವರು ಮಾಡಿದ ಮೊದಲ ನೀರು ಸೋಸುವ ಮಡಕೆ ಗಾಜಿನ ಪೆಟ್ಟಿಗೆಯೊಳಗೆ, ಅದರ ಪಕ್ಕದಲ್ಲಿ ನಿನ್ನ ಭಾವನ ಫೋಟೋ, ಅದನ್ನು ನಾನು ಕಳಿಸಬೇಕಂತೆ. ಓದಿ ಜೀವ ಹಗುರಾಯಿತು. ಅವರು ತೀರಿಕೊಂಡ ಮೇಲೆ ಈ ಮನೆಯ ಗೋಡೆ ಬಿಟ್ಟು ಅವರಿಗೆ ಬೇರೆ ಜಾಗ ಸಿಕ್ಕಿರಲಿಲ್ಲ. ಆದರೆ ಫೋಟೋದ ಕೆಳಗೆ ಬರೆಸುವ ಸಾಲನ್ನೂ ಆ ಹುಡುಗಿ ಕಳಿಸಿದ್ದಾಳೆ: ‘ಇವರ ಒಂದು ಎಡವಟ್ಟು, ಲಕ್ಷ ಮನೆಗೆ ಶುದ್ಧ ನೀರು.’ ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಅದೇ ಇತ್ತು.

ಇದು ಆ ಸಿನಿಮಾದಿಂದ ಬಂದದ್ದು ಎಂದು ನನಗೆ ಗೊತ್ತು. ನಿನ್ನ ಕಥೆ ಸಿನಿಮಾ ಆದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನೇ. ಅದರಲ್ಲಿ ನಿನ್ನ ಭಾವ ಒಬ್ಬ ಕುಡುಕ. ಮರದ ಹೊಟ್ಟಿನ ಬುಟ್ಟಿ ಹೊತ್ತುಕೊಂಡು ತೂರಾಡುತ್ತಾ ಬಂದು, ಎಡವಿ, ಹೊಟ್ಟನ್ನೆಲ್ಲ ಕಲಸಿಟ್ಟ ಜೇಡಿಮಣ್ಣಿನ ಮೇಲೆ ಸುರಿದು, ತಾನೂ ಅದರ ಮೇಲೆಯೇ ಬೀಳುತ್ತಾನೆ. ನಾಯಕ ಬೈಯಲು ಕೈಯೆತ್ತುತ್ತಾನೆ, ಎತ್ತಿದ ಕೈ ಅಲ್ಲೇ ನಿಲ್ಲುತ್ತದೆ, ಕಣ್ಣುಗಳು ಹೊಳೆಯುತ್ತವೆ. ಹಾಡು ಶುರು. ಹಾಡು ಮುಗಿಯುವಷ್ಟರಲ್ಲಿ ಕಾರ್ಖಾನೆ ಎದ್ದು ನಿಂತಿರುತ್ತದೆ. ಅವನು ಬಿದ್ದಾಗ ಇಡೀ ಟಾಕೀಸು ಬಿದ್ದೂ ಬಿದ್ದೂ ನಕ್ಕಿತು. ಅದು ಯಾರೆಂದು ಗೊತ್ತಾಗುವ ಮೊದಲು ನಾನೂ ನಕ್ಕುಬಿಟ್ಟಿದ್ದೆ.

ಕಥೆ ಬರೆಯುವವನು ನಮ್ಮ ಮನೆಗೆ ಬಂದಿದ್ದನಲ್ಲ, ಒಳ್ಳೆಯ ಮನುಷ್ಯ, ಎರಡು ಲೋಟ ಚಹಾ ಕುಡಿದ. “ಅಮ್ಮಾ, ಇದು ಯಾರಿಗೆ ಯಾವಾಗ ಹೊಳೀತು?” ಎಂದು ಕೇಳಿದ.

“ಹೊಳೀಲಿಲ್ಲಪ್ಪ. ನಿಧಾನಕ್ಕೆ ಆಯ್ತು” ಎಂದೆ.

“ನಿಧಾನಕ್ಕೆ ಆಗಿದ್ದನ್ನ ಹೇಗಮ್ಮಾ ತೋರಿಸೋದು? ಜನ ಎದ್ದು ಹೋಗ್ತಾರೆ” ಎಂದು ನಕ್ಕ.

ಅವನದೂ ತಪ್ಪಿಲ್ಲ ಬಿಡು. ನಮ್ಮ ಹಿತ್ತಿಲನ್ನು ತೋರಿಸಿದ್ದರೆ ನಾನೇ ಎದ್ದು ಹೋಗುತ್ತಿದ್ದೆನೇನೋ. ಮಣ್ಣಿಗೆ ಬೆರೆಸಿದ ಹೊಟ್ಟು ಹೆಚ್ಚಾದರೆ, ಸುಡುವಾಗ ಅದು ಉರಿದುಹೋದ ಜಾಗದಲ್ಲಿ ತೂತು ದೊಡ್ಡದಾಗಿ ನೀರು ಸುಮ್ಮನೆ ಸುರಿದುಹೋಗುತ್ತಿತ್ತು. ಕಡಿಮೆಯಾದರೆ ಒಂದು ಹನಿಯೂ ಇಳಿಯುತ್ತಿರಲಿಲ್ಲ. ಹೊಟ್ಟು ಜರಡಿ ಹಿಡಿಯಲು ನಮ್ಮ ಮನೆಯ ಕಿಟಕಿಯ ಪರದೆಗಳನ್ನೆಲ್ಲ ಕತ್ತರಿಸಿದೆವಲ್ಲ, ಎದುರುಮನೆಯವಳು “ಏನ್ರೀ, ಬೀದಿಗೆಲ್ಲ ನಿಮ್ಮನೆ ಕಾಣ್ಲಿ ಅಂತಾನಾ?” ಎಂದು ಕೇಳಿದ್ದಳು. ನಿನ್ನ ಭಾವ ಮಡಕೆಗೆ ನೀರು ಹಾಕಿ, ಕೆಳಗಿನ ಪಾತ್ರೆಗೆ ಕಿವಿಯಿಟ್ಟು ಕೂರುತ್ತಿದ್ದರು. ಹನಿ ಬೇಗ ಬೇಗ ಬಿದ್ದರೆ “ಇದು ಬಾಯಿಬಡುಕಿ.” ಬೀಳದಿದ್ದರೆ “ಇದು ತವರಿಂದ ಮುನಿಸ್ಕೊಂಡು ಬಂದಿದೆ.” ಆಮೇಲೆ ಹಿತ್ತಿಲಿನಿಂದಲೇ “ಕೇಳಿಸ್ತಾ?” ಎಂದು ನನ್ನನ್ನು ಕೂಗುತ್ತಿದ್ದರು. ನಾನು ಹೋಗಿ ಇನ್ನೊಂದು ಪಕ್ಕದಿಂದ ಕಿವಿಯಿಡಬೇಕು. ಆ ದನಿಯನ್ನು ನೀನು ಎಷ್ಟು ಚೆನ್ನಾಗಿ ಅಣಕಿಸುತ್ತಿದ್ದೆ! ಒಲೆಯ ಮೇಲಿದ್ದದ್ದನ್ನು ಬಿಟ್ಟು ಓಡಿಬಂದರೆ ಅಲ್ಲಿ ನೀನು ಹಲ್ಲು ಕಿಸಿಯುತ್ತಾ ನಿಂತಿರುತ್ತಿದ್ದೆ.

ನೀನೇನೂ ಕಡಿಮೆ ಕಷ್ಟ ಪಟ್ಟವನಲ್ಲ. ಮಡಕೆ ಸುಡುವ ಆವಿಗೆಯ ಮುಂದೆ ಕೂತು ನಿನ್ನ ಹುಬ್ಬು ಸುಟ್ಟುಕೊಂಡದ್ದನ್ನು, ಮನೆಮನೆಗೆ ಮಡಕೆ ಹೊತ್ತು “ಮಣ್ಣಿನ ನೀರು ನಮಗ್ಯಾಕೆ?” ಅನ್ನಿಸಿಕೊಂಡು ಬಂದದ್ದನ್ನು ನಾನು ಮರೆತಿಲ್ಲ. ಆದರೆ ಇದು ಸರಿಯಾಯಿತು ಎನ್ನುವಂಥ ಒಂದು ದಿನ ನಮಗೆ ಇರಲೇ ಇಲ್ಲವಲ್ಲ ತಮ್ಮ. ಎದುರುಮನೆಯವಳು ಒಂದು ಸಲ ಮಾತಿನ ನಡುವೆ “ನಮ್ ಮಗು ಈಚೆಗೆ ಹೊಟ್ಟೆನೋವು ಅಂದೇ ಇಲ್ಲ ನೋಡ್ರಿ” ಎಂದಳು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಅಷ್ಟೇ. ಅದಕ್ಕೆ ಹಾಡಿಲ್ಲ.

ಅದೃಷ್ಟ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಮಳೆಗೆ ಆವಿಗೆಯ ಗೋಡೆ ಕುಸಿದಾಗ ನಾವು ಮೂವರೂ ಒಳಗೆ ಊಟಕ್ಕೆ ಕೂತಿದ್ದೆವು. ನಮ್ಮ ಪಾಲಿಗೆ ಬಂದ ಅದೃಷ್ಟ ಅದು. ಬೇರೆಯವರ ಹಿತ್ತಿಲಲ್ಲೂ ನಮ್ಮಷ್ಟೇ ಬೆವರು ಸುರಿಸಿದವರಿದ್ದರು, ಅವರ ಗೋಡೆ ಕುಸಿದಾಗ ಅವರು ಊಟಕ್ಕೆ ಎದ್ದಿರಲಿಕ್ಕಿಲ್ಲ. ಸಿನಿಮಾದವರು ಇದನ್ನು ತೋರಿಸಲಿಲ್ಲ. ಅವರಿಗೆ ಬುದ್ಧಿಗೆ ಒಂದು ಮುಖ ಬೇಕು, ಅದೃಷ್ಟಕ್ಕೆ ಒಂದು ಮುಖ ಬೇಕು. ಬುದ್ಧಿಯ ಮುಖ ನಿನಗೆ ಕೊಟ್ಟರು. ಬಿದ್ದ ಮುಖ ನಿನ್ನ ಭಾವನಿಗೆ ಬಂತು.

ಮೊನ್ನೆ ಮೊಮ್ಮಗಳು ಲೆಕ್ಕದ ಪುಸ್ತಕ ಮುಚ್ಚಿಟ್ಟು ಮೂಲೆಯಲ್ಲಿ ಕೂತಿದ್ದಳು. ಏನೇ ಎಂದರೆ, “ನಂಗೆ ಹೊಳೀತಾನೇ ಇಲ್ಲ ಅಜ್ಜಿ. ಚಿಕ್ಕಜ್ಜಂಗೆ ಥಟ್ಟಂತ ಹೊಳೀತು. ನಾನು ನಮ್ಮಜ್ಜನ ಥರ ದಡ್ಡಿ.” ಅವಳು ಹುಟ್ಟುವ ಮೊದಲೇ ಹೋದ ಅಜ್ಜ, ಅವಳು ಅವರನ್ನು ಕಂಡದ್ದು ಆ ಸಿನಿಮಾದಲ್ಲಿ ಮಾತ್ರ. ಅವಳನ್ನು ಮಡಿಲಿಗೆ ಎಳೆದುಕೊಂಡು ಬಾಯಿಬಡುಕಿ ಮಡಕೆಗಳ ಕಥೆ ಹೇಳಿದೆ. ಕೊನೆಯವರೆಗೂ ಕೇಳಿದಳು. “ಇದು ನಿಜಾನಾ, ಸಿನಿಮಾ ನಿಜಾನಾ?” ಎಂದಳು. “ಚಿಕ್ಕಜ್ಜನ್ನೇ ಕೇಳೋಣ” ಎಂದೆ.

ಅದಕ್ಕೇ ಅವತ್ತು ಫೋನು ಮಾಡಿದ್ದು. ನಾನು ಕೇಳುವ ಮೊದಲೇ ನೀನು, “ಅಕ್ಕಾ, ಫೋಟೋ ಬೇಗ ಕಳ್ಸು. ಭಾವ ಆ ಬುಟ್ಟಿ ಹೊತ್ಕೊಂಡು ಎಡವಿದ್ದು ನಂಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ ಕಣೆ” ಎಂದೆ. ತಮಾಷೆ ಮಾಡುತ್ತಿದ್ದೀಯ ಎಂದುಕೊಂಡು ನಗುವಿಗಾಗಿ ಕಾದೆ. ನೀನು ನಗಲಿಲ್ಲ. “ಪಾಪ, ಮೊಣಕೈ ಬೇರೆ ತರಚಿತ್ತು” ಎಂದು ಮರುಗಿದೆ. ಒಲೆಯ ಮೇಲೆ ಹಾಲಿದೆ ಎಂದು ಫೋನು ಇಟ್ಟೆ. ಹಾಲು ಇರಲಿಲ್ಲ. ಮೊಮ್ಮಗಳು “ಏನಂದ್ರು?” ಎಂದಳು. ಲೈನು ಸರಿಯಿಲ್ಲ ಎಂದೆ.

ತಮ್ಮ, ಅವರು ಎಡವಿರಲಿಲ್ಲ. ಅವರು ಕುಡಿಯುತ್ತಲೂ ಇರಲಿಲ್ಲ. ಮೊಣಕೈ ತರಚಿದ್ದು ಆ ನಟನಿಗೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆ ಹಿತ್ತಿಲಿನಲ್ಲಿದ್ದವರು ಮೂವರು, ಉಳಿದವರು ನಾವಿಬ್ಬರು. ಅದರಲ್ಲಿ ನೀನೂ ಆ ಸಿನಿಮಾದ ಕಡೆ ಹೋಗಿಬಿಟ್ಟೆಯಲ್ಲ ಎಂದು ಸಂಕಟ. ಫೋಟೋ ಇದರ ಜೊತೆ ಇಟ್ಟಿಲ್ಲ. ಆ ಸಾಲು ಇರುವ ಗೋಡೆಗೆ ಅವರನ್ನು ಕಳಿಸಲಾರೆ. ಬೇಕಾದರೆ ‘ಕಿವಿಗೊಟ್ಟು ಕೂತವರು’ ಎಂದು ಬರೆಸು. ಅಷ್ಟೂ ಬೇಡವೆಂದರೆ ಗೋಡೆ ಖಾಲಿ ಇರಲಿ. ಬಂದವರು ಇಲ್ಲಿ ಯಾರಿದ್ದರು ಎಂದಾದರೂ ಕೇಳಿಯಾರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿ.ಪಿ. ಮಾತ್ರೆ ತಪ್ಪಿಸಬೇಡ. ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಪ್ರೀತಿ ತಿಳಿಸು. ನಿನ್ನ ಕೈ ಇನ್ನೂ ಸಾವಿರ ಮನೆಗೆ ನೀರು ಕೊಡಲಿ, ನೂರು ವರ್ಷ ಬಾಳು.

ಇಂತಿ ನಿನ್ನ
ಅಕ್ಕ

ಇನ್ನೊಂದು ಮಾತು: ಬರೆಯಬಾರದೆಂದುಕೊಂಡಿದ್ದೆ, ಬರೆದುಬಿಡುತ್ತೇನೆ. ಆ ಸಿನಿಮಾ ಟಿ.ವಿ.ಯಲ್ಲಿ ಮತ್ತೆ ಮತ್ತೆ ಬರುತ್ತದೆ; ಬೇಡವೆಂದರೂ ಪಕ್ಕದ ಮನೆಯಿಂದ ಕೇಳುತ್ತದೆ. ನಿನ್ನೆ ಬಟ್ಟೆ ಒಣಹಾಕುತ್ತಾ, ಅವರು ಹಿತ್ತಿಲಿನಿಂದ “ಕೇಳಿಸ್ತಾ?” ಎಂದು ಕೂಗುತ್ತಿದ್ದುದನ್ನು ನೆನೆಸಿಕೊಂಡೆ. ಮಾತು ಅವರದೇ ಬಂತು, ದನಿ ಮಾತ್ರ ಆ ನಟನದು. ಮತ್ತೆ ಮತ್ತೆ ನೆನೆಸಿಕೊಂಡೆ, ಮತ್ತೆ ಮತ್ತೆ ಅವನೇ ಬಂದ. ನೀನು ಅಣಕಿಸುತ್ತಿದ್ದೆಯಲ್ಲ, ನಿನ್ನ ಗಂಟಲಿಗಾದರೂ ಅದು ನೆನಪಿರಬಹುದು. ಫೋಟೋ ವಿಷಯ ಆಮೇಲೆ ಮಾತಾಡೋಣ. ಮೊದಲು ಒಂದು ಸಲ ಫೋನು ಮಾಡಿ, ಬೇರೇನೂ ಹೇಳದೆ, ಅವರ ಹಾಗೆ ನನ್ನನ್ನು ಕರೆ.