ಗಾಳಿಗಂಬದ ಬುಡದಲ್ಲಿ ಕಲಿತ ಬರಹ

ಗಾಳಿಯೂರು, ಕಪ್ಪತಗುಡ್ಡದ ತಪ್ಪಲು
ಆಷಾಢದ ಮೂವತ್ತೆಂಟನೆಯ ದಿನ, ೨೨೬೧

ನನಗಿಂತ ಬಹಳ ಮೊದಲು ಹುಟ್ಟಿದ ಹಿರಿಯರೇ, ಶರಣಾರ್ಥಿ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಗಾಳಿ ದಿಕ್ಕು ಬದಲಿಸುವವರೆಗೂ ಆಷಾಢ ಮುಗಿಯುವುದಿಲ್ಲ, ಈ ವರ್ಷ ಅದು ಹಠ ಹಿಡಿದು ಕೂತಿದೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ, ಹೊಸ ಮಾತು ಬಂದಲ್ಲಿ ಅರ್ಥವನ್ನೂ ಹೇಳುತ್ತ ಹೋಗುತ್ತೇನೆ. ನನ್ನ ಹೆಸರು ನೀಲಗಂಗಾ. ಗಾಳಿಗಂಬ ಹತ್ತುವುದು ನನ್ನ ಕೆಲಸ. ಗಾಳಿಯಿಂದ ಕರೆಂಟ್ ತೆಗೆಯುವ ಕಂಬಗಳು ಈ ಗುಡ್ಡದ ಮೇಲೆ ನಿಮ್ಮ ಕಾಲದಲ್ಲೂ ಇದ್ದವಂತೆ. ನಮ್ಮವು ಇನ್ನೂ ಎತ್ತರ. ಅವುಗಳ ರೆಕ್ಕೆಗೆ ಹತ್ತಿದ ಧೂಳು ತೊಳೆದು, ಸೀಳು ಬಿಟ್ಟಲ್ಲಿ ಮೆತ್ತಿ, ಸಂಜೆ ಇಳಿದು ಮನೆಗೆ ಬರುತ್ತೇನೆ.

ಈ ಪತ್ರವನ್ನು ನಾನೇ ಬರೆಯುತ್ತಿದ್ದೇನೆ. ಇಷ್ಟು ಬರೆದದ್ದಕ್ಕೇ ಎದ್ದು ಕುಣಿಯಬೇಕು ಅನ್ನಿಸುತ್ತಿದೆ. ಪತ್ರ ಬರೆಯುವುದರಲ್ಲಿ ಅಂಥದ್ದೇನಿದೆ ಎಂದು ನೀವು ಕೇಳಬಹುದು. ನಮ್ಮ ಕಾಲದಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಒಂದು ನುಡಿಯಾಳು ಇರುತ್ತದೆ. ನಮ್ಮ ಪರವಾಗಿ ಬರೆಯುವ ಯಂತ್ರ ಅದು. ‘ಮಾವನಿಗೆ ಜ್ವರ, ಮದುವೆಗೆ ಬರೋದಿಲ್ಲ’ ಎಂದು ಅದಕ್ಕೆ ಹೇಳಿದರೆ ಸಾಕು, ವಿಷಾದ, ಹಾರೈಕೆ, ಆಶೀರ್ವಾದ ಎಲ್ಲ ಸೇರಿಸಿ ಪುಟಗಟ್ಟಲೆ ಬರೆದು ಕಳಿಸುತ್ತದೆ. ಆ ಪತ್ರ ಮದುವೆ ಮನೆಯ ನುಡಿಯಾಳಿಗೆ ಹೋಗಿ ಸೇರುತ್ತದೆ. ಅದು ಎಲ್ಲವನ್ನೂ ತಾನೇ ಓದಿಕೊಂಡು, ‘ಮಾವನಿಗೆ ಜ್ವರವಂತೆ, ಬರೋದಿಲ್ಲವಂತೆ’ ಎಂದು ಮನೆಯವರಿಗೆ ತಿಳಿಸುತ್ತದೆ. ನಡುವೆ ಬರೆದದ್ದನ್ನು ಯಾವ ಮನುಷ್ಯನೂ ನೋಡುವುದಿಲ್ಲ. ಶಾಲೆಯಲ್ಲಿ ಎಲ್ಲರೂ ಅಕ್ಷರ ಕಲಿಯುತ್ತೇವೆ, ಓದಲು ಬರುತ್ತದೆ. ಆದರೆ ತನ್ನ ಮನಸ್ಸಿನದನ್ನು ತಾನೇ ವಾಕ್ಯ ಮಾಡಿ ಹಾಳೆಯ ಮೇಲೆ ಇಳಿಸುವ ಅಭ್ಯಾಸ ನಮ್ಮ ಅಜ್ಜ ಅಜ್ಜಿಯರ ಕಾಲಕ್ಕೇ ಬಿಟ್ಟುಹೋಗಿತ್ತು.

ಉಳಿದಂತೆ ನಮ್ಮ ಬದುಕು ನಿಮಗೆ ಪೂರ್ತಿ ಹೊಸದೇನಲ್ಲ. ಮನೆಗಳು ಗಿಡ್ಡ, ಗೋಡೆಗಳು ದುಂಡಗೆ. ಗಾಳಿ ಮೂಲೆ ಸಿಕ್ಕಲ್ಲಿ ಜಗಳ ತೆಗೆಯುತ್ತದೆ, ಅದಕ್ಕೆ ನಾವು ಮೂಲೆಯನ್ನೇ ಇಟ್ಟಿಲ್ಲ. ಜೋಳ ಮೊಣಕಾಲೆತ್ತರಕ್ಕೆ ತೆನೆ ಹಿಡಿಯುತ್ತದೆ. ಗದಗಿನಿಂದ ಮುಂಡರಗಿಗೆ ತಂತಿಯ ಮೇಲೆ ಜೋತಾಡುತ್ತ ಹೋಗುವ ಗಾಡಿಗಳಿವೆ, ಅವಕ್ಕೆ ತೂಗುಬಂಡಿ ಎನ್ನುತ್ತೇವೆ. ತೊಳೆದ ಬಟ್ಟೆ ಹಗ್ಗಕ್ಕೆ ಹಾಕಿ, ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಒಣಗಿರುತ್ತದೆ, ಕೆಲವೊಮ್ಮೆ ಪಕ್ಕದ ಊರಿಗೂ ಹೋಗಿರುತ್ತದೆ. ಇನ್ನೊಂದು ಸುದ್ದಿ, ಕೇಳಿ ಖುಷಿಪಡಿ: ಚುರುಮುರಿಯ ಗಿರ್ಮಿಟ್ ಇನ್ನೂ ಇದೆ, ಅದರ ಜೊತೆಗಿನ ಮಿರ್ಚಿಯೂ ಇದೆ.

ಈಗ ಹಿಂದಂಚೆಯ ವಿಷಯ. ಕಾಲದ ಹಿಂದಕ್ಕೆ ಒಂದು ಪತ್ರವನ್ನು ದಾಟಿಸುವ ಏರ್ಪಾಡಿಗೆ ಆ ಹೆಸರು. ಅದು ಹೇಗೆ ನಡೆಯುತ್ತದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ಒಂದು ಸರದಿಗೆ ಒಂದು ಊರು, ಆ ಊರಿನ ಒಬ್ಬರು. ಚೀಟಿ ಎತ್ತಿ ಆರಿಸುತ್ತಾರೆ. ಹಿಂದಿನ ಸರದಿಗಳಲ್ಲಿ ಎಲ್ಲರೂ ನುಡಿಯಾಳಿನಿಂದಲೇ ಬರೆಸಿ ಕಳಿಸಿದ್ದರು. ಅವು ತಲುಪಿದವೋ ಇಲ್ಲವೋ ಎಂದು ವಿದ್ವಾಂಸರು ಹಳೆಯ ದಾಖಲೆಗಳಲ್ಲಿ ಹುಡುಕಿದರು. ಒಂದರ ಸುದ್ದಿ ಮಾತ್ರ ಸಿಕ್ಕಿತು. ನಿಮ್ಮ ಕಾಲದವರು ಅದನ್ನು ಯಾವುದೋ ಜಾಹೀರಾತು ಎಂದುಕೊಂಡು ಓದದೆ ಬಿಸಾಕಿದ್ದರಂತೆ! ಅದಕ್ಕೇ ಈ ಸಲ ಹೊಸ ನಿಯಮ ಬಂತು. ಹೆಸರು ಬಂದವರು ತಾವೇ ಬರೆಯಬೇಕು. ಒಂದು ವರ್ಷದೊಳಗೆ ಆಗದಿದ್ದರೆ ಸರದಿ ಬೇರೆ ಊರಿಗೆ ಹೋಗುತ್ತದೆ, ನಮ್ಮ ಆಯುಷ್ಯದಲ್ಲಿ ಮತ್ತೆ ಬರುವುದಿಲ್ಲ.

ಚೀಟಿ ಎತ್ತಿದ ದಿನ ನಾನು ಕಂಬದ ತುದಿಯಲ್ಲಿದ್ದೆ. ಕೆಳಗೆ ಜನ ಕೈ ಬೀಸಿ ಕೂಗುತ್ತಿದ್ದರು. ಎಲ್ಲೋ ಬೆಂಕಿ ಬಿದ್ದಿದೆ ಎಂದು ಹೆದರಿ ಸರಸರ ಇಳಿದೆ. ಊರ ಯಜಮಾನರಾದ ವಿರೂಪಾಕ್ಷಪ್ಪನವರು ಕೈಯಲ್ಲಿ ಹೂವಿನ ಹಾರ, ಮುಖದಲ್ಲಿ ಚಿಂತೆ ಹೊತ್ತು ನಿಂತಿದ್ದರು.

“ನಿನ್ನ ಹೆಸರ ಬಂದೈತಿ ನೀಲವ್ವಾ.”

“ಯಾತಕ್ಕರೀ?”

“ಬರಿಯಾಕ.”

ಮೋಡ ಕೈಗೆ ಸಿಗುವ ಎತ್ತರದಲ್ಲಿ ಒಂದೇ ಹಗ್ಗ ನಂಬಿ ಜೋತಾಡುವವಳು ನಾನು. ಅಂದು ನೆಲದ ಮೇಲೆ ನಿಂತು ಗಡಗಡ ನಡುಗಿದೆ.

ಮೊದಲ ವಾರಗಳಲ್ಲಿ ನಾನು ಬರೆದದ್ದು ‘ಮಾನ್ಯರೇ’ ಎಂಬ ಒಂದೇ ಪದ. ಅದನ್ನೂ ಹೊಡೆದುಹಾಕಿದೆ. ಕೊನೆಗೆ ಓದುಗಟ್ಟೆಗೆ ಹೋದೆ. ಬೇವಿನ ಮರದ ಕೆಳಗಿನ ಆ ಕಟ್ಟೆಯ ಮೇಲೆ ಕೆಲವು ಮಕ್ಕಳು, ಕೆಲವು ಮುದುಕರು ತಾವು ಬರೆದದ್ದನ್ನು ವಾರಕ್ಕೊಮ್ಮೆ ಓದುತ್ತಿದ್ದರು. ಊರವರಿಗೆ ಅದು ಹುಚ್ಚರ ಸಂತೆ. ಅದನ್ನು ನಡೆಸುತ್ತಿದ್ದವರು ಬೆಟಗೇರಿಯಿಂದ ಬಂದ ಮೆಹರುನ್ನಿಸಾ ಅಕ್ಕೋರು. ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೂ ಅವರಿಗೆ ಕಲಿಸದೆ ಇರಲು ಆಗುತ್ತಿರಲಿಲ್ಲ.

“ಏನ್ ಬರದಿ ಇಲ್ಲೀತನಕ?” ಎಂದು ಕೇಳಿದರು.

“ಏನೂ ಬರ್ದಿಲ್ರಿ ಅಕ್ಕೋರ. ಹಾಳಿ ನೋಡಿದ್ರ ಎದಿ ಡವಡವ ಅಂತೈತಿ.”

“ಹಂಗಂತನ ಬರಿ ಮತ್ತ.”

“ಹಿಂದಿನ ಕಾಲದವರಿಗೆ ಹಂಗ ಬರಿಯಾಕ ಬರ್ತೈತೇನ್ರಿ?”

“ಹಿಂದಿನವರನ್ನ ಸದ್ಯಕ್ಕ ಬಾಜೂಕ ಇಡು. ದಿನಾ ಕಂಬ ಹತ್ತೂಕಿಂತ ಮೊದ್ಲ ಒಂದ್ ನಾಕ್ ಸಾಲ ಬರಿ. ಚಂದ ಆಗ್ಬೇಕಂತಿಲ್ಲ. ಹರದ ಒಗಿಯಂಗಿಲ್ಲ, ಅಷ್ಟ. ಬರದಿದ್ದನ್ನ ತಂದು ನನಗ ತೋರ್ಸು.”

ಹಾಗೆ ಶುರುವಾಯಿತು. ಬೆಳಿಗ್ಗೆ ಬೇಗ ಹೋಗಿ, ಕಂಬದ ಬುಡಕ್ಕೆ ಬೆನ್ನು ಕೊಟ್ಟು, ಹಾಳೆ ಹಾರದಂತೆ ಮೊಣಕಾಲಿನಿಂದ ಅದುಮಿ ಕೂರುತ್ತಿದ್ದೆ. ‘ಎದ್ದೆ. ಮುಖ ತೊಳೆದೆ. ರೊಟ್ಟಿ ತಿಂದೆ.’ ಇದು ನನ್ನ ಮೊದಲ ಬರಹ. ಅಕ್ಕೋರು ಅದನ್ನು ಗಂಭೀರವಾಗಿ ಓದಿ, ಯಾರು ಬಡಿದ ರೊಟ್ಟಿ, ಬಿಸಿಯದೋ ಒಣಗಿಸಿದ ಕಟಕೋ, ಜೊತೆಗೆ ಏನಿತ್ತು ಎಂದು ಕೇಳಿದರು. ಮರುದಿನ ಅದನ್ನು ಬರೆದೆ. ಅದರ ಮರುದಿನ ರೊಟ್ಟಿ ಬಡಿಯುವಾಗ ಅವ್ವನ ಬಳೆ ಸದ್ದು ಹೇಗಿತ್ತೆಂದು ಅವರು ಕೇಳದಿದ್ದರೂ ಬರೆದೆ. ಕೆಲವು ದಿನ ‘ಇವತ್ತು ಏನೂ ಹೊಳೆಯಲಿಲ್ಲ’ ಎಂದಷ್ಟೇ ಬರೆದು ಕಂಬ ಹತ್ತಿದ್ದೂ ಉಂಟು. ಆಗೆಲ್ಲ ಅಕ್ಕೋರು ಬೈಯುತ್ತಿರಲಿಲ್ಲ. ಆದರೆ ಬರೆಯದೆ ಹೋದ ದಿನ ಚಹಾ ಕೊಡುತ್ತಿರಲಿಲ್ಲ. ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಒಂದು ವಿಚಿತ್ರ ನಡೆಯತೊಡಗಿತು. ಮೇಲೆ ರೆಕ್ಕೆ ತೊಳೆಯುತ್ತಿರುವಾಗಲೇ ವಾಕ್ಯಗಳು ಬರತೊಡಗಿದವು. ಮರೆಯುವ ಮೊದಲು ಇಳಿಯಬೇಕೆಂದು ಚಡಪಡಿಸುತ್ತಿದ್ದೆ. ಹಿರಿಯರೇ, ಆ ಸಂಭ್ರಮ ನಿಮಗೆ ಗೊತ್ತೇ? ನಿಮ್ಮೊಳಗೆ ಯಾರೋ ಬಂದು ಬಾಗಿಲು ಬಡಿದಂತೆ!

ಅದೇ ಹುರುಪಿನಲ್ಲಿ ಓದುಗಟ್ಟೆಯ ಮೇಲೆ ನಿಂತು ಓದಿದೆ. ಹಿಂದಿನ ವರ್ಷ ಒಂದು ದಿನ ಗಾಳಿ ಪೂರ್ತಿ ನಿಂತುಹೋಗಿತ್ತು. ಅದರ ಬಗ್ಗೆ ಬರೆದಿದ್ದೆ. ನನ್ನ ಅವ್ವ ಗುರವ್ವ ಆಕಾಶ ನೋಡಿ, ‘ಮಗಳೇ, ಮಾರುತನಿಲ್ಲದ ಬಾಳು ಬರಡು’ ಎಂದು ನಿಟ್ಟುಸಿರುಬಿಟ್ಟಳು ಎಂಬ ಸಾಲು ಬಂದಿತು. ಕಟ್ಟೆಗೆ ಕಟ್ಟೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಾಕೆ ನಕ್ಕರೆಂದು ನನಗೆ ತಿಳಿಯಲಿಲ್ಲ. ಹಾಳೆ ಮಡಚಿಕೊಂಡು ಓಡಿಬಂದೆ. ಬರೆಯುವುದನ್ನು ಬಿಟ್ಟೆ. ಅಕ್ಕೋರು ಹೇಳಿಕಳಿಸಿದರೂ ಹೋಗಲಿಲ್ಲ.

ಸುದ್ದಿ ಕೇಳಿ ವಿರೂಪಾಕ್ಷಪ್ಪನವರು ಮನೆಗೆ ಬಂದರು. ಸಮಾಧಾನದ ದನಿಯಲ್ಲೇ ಹೇಳಿದರು: “ನಮ್ಮನಿ ನುಡಿಯಾಳ ಕಡೆ ಬರ್ಸೂಣು. ಸಾಲಿಗೊಂದ ತಪ್ಪ ಹಾಕಾಕ ಹೇಳೂಣು. ಯಾರಿಗೆ ಗೊತ್ತಾಗ್ತೈತಿ?”

ಒಪ್ಪಿಕೊಂಡುಬಿಡೋಣ ಅನ್ನಿಸಿತು. “ನಾಳೆ ಹೇಳ್ತೀನ್ರಿ” ಎಂದೆ.

ಅವರು ಹೋದ ಮೇಲೆ ಅವ್ವ ಶೇಂಗಾ ಸುಲಿಯುತ್ತ ನನ್ನೆದುರು ಬಂದು ಕೂತಳು. “ನನ್ ಬಗ್ಗೆ ಏನೋ ಬರದಿಯಂತ. ಊರೆಲ್ಲಾ ನಕ್ಕಾರಂತ. ನನಗೂ ಓದಿ ಹೇಳು, ನಾನೂ ನಗ್ತೀನಿ.”

ಓದಿದೆ. ಅವಳು ನಗಲಿಲ್ಲ. ಸುಲಿಯುತ್ತಿದ್ದ ಕೈ ನಿಲ್ಲಿಸಿ, “ಇದನ್ಯಾರ ಅಂದ್ರು?” ಎಂದಳು.

“ನೀನ ಅಂದಿ ಅಂತ ಬರದೀನಿ.”

“ಮಾರುತ ಅಂದ್ರ ಯಾರವ್ವಾ? ನಾ ಯಾವಾಗ ಹಂಗಂದೆ? ‘ಮನಿ ಕಿವುಡಾದಂಗ ಆಗೇತಿ, ಯಾರರ ಜಗಳಾನರ ಮಾಡ್ರಿ’ ಅಂದಿದ್ದೆ. ನಿನಗ ನೆನಪಿಲ್ಲೇನು?”

ನೆನಪಿತ್ತು. ಅಷ್ಟೂ ನೆನಪಿತ್ತು. ಅದು ಬರೆಯುವಂಥ ಮಾತಲ್ಲ ಎಂದುಕೊಂಡು, ನುಡಿಯಾಳು ಹೇಗೆ ಬರೆಯುತ್ತಿತ್ತೋ ಹಾಗೆ ನಾನೇ ಅದನ್ನು ತಿದ್ದಿದ್ದೆ. ಜನ ನಕ್ಕದ್ದು ಅವ್ವನ ಮಾತಿಗೆ ನನ್ನ ಅಂಜಿಕೆ ತೊಡಿಸಿದ ವೇಷ ನೋಡಿ. ಅಲ್ಲೇ, ಶೇಂಗಾ ಸಿಪ್ಪೆಯ ನಡುವೆ ಕೂತು ಆ ದಿನವನ್ನು ಮೊದಲಿನಿಂದ ಬರೆದೆ. ಅವ್ವ ಹೇಳಿದ್ದು ಹೇಳಿದಂತೆ, ನಾನು ನೋಡಿದ್ದು ನೋಡಿದಂತೆ. ಕೈ ಎಲ್ಲೂ ತಡೆಯಲಿಲ್ಲ. ಇಷ್ಟು ತಿಂಗಳು ಕಂಬದ ಬುಡದಲ್ಲಿ ರೊಟ್ಟಿ, ಬಳೆ ಎಂದು ಬರೆದದ್ದು ಯಾತಕ್ಕೆಂದು ಆಗ ತಿಳಿಯಿತು.

ಬೆಳಗಾಗುತ್ತಲೇ ಯಜಮಾನರ ಮನೆಗೆ ಹೋಗಿ ಬೇಡವೆಂದೆ. ಅವರಿಗೆ ಸಿಟ್ಟು ಬಂತು. “ಊರ ಮರ್ಯಾದಿ ನಿನ್ ಕೈಯಾಗ ಐತಿ, ನೆನಪಿಟ್ಕೊ” ಎಂದರು.

“ಅದಕ್ಕ ನನ್ ಕೈಲೇ ಬರೀತೀನ್ರಿ” ಎಂದೆ. ಎಲ್ಲಿಂದ ಧೈರ್ಯ ಬಂತೋ!

ಎರಡನೇ ಸಲ ಓದಿದಾಗಲೂ ಕಟ್ಟೆ ನಕ್ಕಿತು. ಈ ಸಲ ನಕ್ಕದ್ದು ಅವ್ವನ ಮಾತಿಗೆ, ನಗಬೇಕಾದ ಜಾಗದಲ್ಲಿ. ಒಬ್ಬಳು ಎದ್ದು, ಗಾಳಿ ನಿಂತ ಆ ದಿನ ತನ್ನ ಕೂಸು ಮೊದಲ ಸಲ ಗಾಳಿಗೆ ಚದುರದ ಇರುವೆಯ ಸಾಲು ನೋಡಿತು ಎಂದಳು. ಇನ್ನೊಬ್ಬ, ಅಂದು ತನ್ನ ಅಪ್ಪನ ಉಸಿರು ತನಗೆ ಮೊದಲ ಬಾರಿಗೆ ಕೇಳಿಸಿತು ಎಂದ. ಮಾತಿನ ಮೇಲೆ ಮಾತು. ಅಕ್ಕೋರು ಕೈಯೆತ್ತಿ, “ಹೇಳಬ್ಯಾಡ್ರಿ, ಹೇಳಬ್ಯಾಡ್ರಿ, ಬರೀರಿ!” ಎಂದು ಕೂಗುತ್ತಿದ್ದರು. ಅವರ ಕಣ್ಣು ತುಂಬಿತ್ತು.

ಮರುದಿನದಿಂದ ಕಂಬದ ಬುಡದಲ್ಲಿ ನಾನೊಬ್ಬಳೇ ಇರಲಿಲ್ಲ. ಚಳಿ ಕಳೆಯುವ ಹೊತ್ತಿಗೆ ಬೆನ್ನು ಕೊಡಲು ಕಂಬದಲ್ಲಿ ಜಾಗ ಸಾಲದೆ ಜನ ಬಂಡೆಗಳಿಗೆ ಒರಗಿ ಬರೆಯುತ್ತಿದ್ದರು. ಒಂದು ಬೆಳಿಗ್ಗೆ ವಿರೂಪಾಕ್ಷಪ್ಪನವರೂ ಬಂದರು. ಅತ್ತಿತ್ತ ನೋಡಿ, “ನಾ ಒಂದ್ ಮಾತ ಹೇಳ್ತೀನಿ. ನಿನ್ ಪತ್ರದಾಗ ಹಾಕ್ತಿಯೇನು?” ಎಂದರು.

“ನೀವ ಬರೀರಲ್ಲ ಯಜಮಾನ್ರ.”

“ನನಗ ಅಂಜಿಕಿ ಆಗ್ತೈತಿ ನೀಲವ್ವಾ.”

ಊರನ್ನೇ ಆಳಿದ ಮನುಷ್ಯ ಅದನ್ನು ಅಷ್ಟು ಸಣ್ಣ ದನಿಯಲ್ಲಿ ಹೇಳಿದರು. ನನ್ನ ಪೆನ್ಸಿಲ್ ಕೊಟ್ಟು ಮುಖ ಆಚೆ ತಿರುಗಿಸಿಕೊಂಡೆ. ಯಾರಾದರೂ ನೋಡುತ್ತಿದ್ದರೆ ಮೊದಲ ಸಾಲು ಹುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು. ಅವರಿಗೂ ಮುಂಡರಗಿಯಲ್ಲಿರುವ ಅವರ ತಮ್ಮನಿಗೂ ಬಹಳ ವರ್ಷಗಳಿಂದ ಮಾತಿರಲಿಲ್ಲ. ಹಬ್ಬಕ್ಕೊಮ್ಮೆ ಇವರ ನುಡಿಯಾಳು ಅವರ ನುಡಿಯಾಳಿಗೆ ಸೊಗಸಾದ ಶುಭಾಶಯ ಕಳಿಸುತ್ತಿತ್ತು, ಅಷ್ಟೇ. ಯಜಮಾನರು ವಾರವಿಡೀ ಬಂದು ಕೂತರು, ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಕೊನೆಗೆ ಆ ಹಾಳೆಯನ್ನು ತೂಗುಬಂಡಿಯವನ ಕೈಗೆ ಕೊಟ್ಟರು.

ತಮ್ಮ ಅದೇ ಬಂಡಿಯ ವಾಪಸು ಸವಾರಿಗೆ ಬಂದಿಳಿದ. ಹಾಳೆಯನ್ನು ಎತ್ತಿ ಹಿಡಿದು ಕಂಡಕಂಡವರಿಗೆಲ್ಲ ತೋರಿಸುತ್ತಿದ್ದ. “ನೋಡ್ರಿ, ನಮ್ಮಣ್ಣ ‘ಬಾ’ ಅಂತ ಬರದಾನ. ಅಕ್ಷರ ಎಷ್ಟ್ ಸೊಟ್ಟ ಅದಾವ ನೋಡ್ರಿ. ಅವನ ಬರದಾನ!” ಅಣ್ಣ ತಮ್ಮ ನಿಲ್ದಾಣದಲ್ಲೇ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತರು. ನಾವೆಲ್ಲ ಬೇರೆ ಕಡೆ ನೋಡುವ ನಾಟಕ ಮಾಡಿದೆವು.

ಇವತ್ತು ಹಿಂದಂಚೆ ಹೊರಡುವ ದಿನ. ನಾನು ಅಂಚೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ಕಿಟಕಿಯಾಚೆ ಊರಿಗೆ ಊರೇ ನಿಂತಿದೆ. ನನ್ನ ಹೆಸರು ಹಾಕಿದಿಯಾ ಎಂದು ಕೇಳುವವರು, ಬೇಗ ಮುಗಿಸು ಎನ್ನುವವರು. ಅಕ್ಕೋರು ಯಾರನ್ನೂ ಒಳಗೆ ಬಿಡದೆ ಬಾಗಿಲಿಗೆ ಅಡ್ಡ ನಿಂತಿದ್ದಾರೆ. ಹೊಡೆದುಹಾಕಿದ ಗುರುತುಗಳು ನಿಮಗೆ ಕಾಣುತ್ತಿರಬೇಕು. ಇರಲಿ ಬಿಡಿ. ಈ ಕಾಗದವನ್ನು ನೀವು ಬಿಸಾಕುವುದಿಲ್ಲ ಎಂಬ ಭರವಸೆ ನನಗಿದೆ.

ಮುಗಿಸುವ ಮೊದಲು ಒಂದು ಬೇಡಿಕೆ. ನಿಮ್ಮ ಕಾಲದ ಚಿತ್ರಗಳು, ಭಾಷಣಗಳು, ಅಂಕಿಅಂಶಗಳು ನಮಗೆ ಬೇಕಾದಷ್ಟು ಸಿಕ್ಕಿವೆ. ಆದರೆ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ ತಪ್ಪಿಸಿಕೊಂಡ ಹೆಂಗಸು ಆ ಗಳಿಗೆಯಲ್ಲಿ ಏನಂದುಕೊಂಡಳು? ಪರೀಕ್ಷೆ ಮುಗಿಸಿ ಬಂದ ಹುಡುಗಿಗೆ ಅವಳ ಅಜ್ಜಿ ಏನು ತಿನ್ನಲು ಕೊಟ್ಟಳು? ಹುಡುಕಿದರೂ ಸಿಗುವುದಿಲ್ಲ. ನೀವು ಬರೆಯಲೆಂದು ಕೂತು, ನನಗೆಲ್ಲಿ ಬರುತ್ತದೆ ಎಂದುಕೊಂಡು ಎದ್ದುಬಿಟ್ಟಿರಿ ಅಂತ ನನ್ನ ಅನುಮಾನ. ದಯವಿಟ್ಟು ಮತ್ತೆ ಕೂರಿ. ನಾಳೆಯೂ ಕೂರಿ, ನಾಡಿದ್ದೂ ಕೂರಿ. ನಮ್ಮಿಂದ ನಿಮಗೆ ಒಂದು ಕಾಗದ ತಲುಪಿಸಲು ಇಲ್ಲಿ ಇಷ್ಟೆಲ್ಲ ಯಂತ್ರಗಳು ಗುಡುಗುತ್ತಿವೆ. ನಿಮ್ಮಿಂದ ನಮಗೆ ತಲುಪಲು ಯಾವ ಯಂತ್ರವೂ ಬೇಡ. ಬರೆದು, ಹೆಸರು ಹಾಕಿ, ಗೆದ್ದಲು ಹತ್ತದ ಕಡೆ ಇಡಿ. ಒಂದೊಂದೇ ದಿನ ದಾಟಿ ಅದು ತಾನಾಗಿ ಇಲ್ಲಿಗೆ ಬರುತ್ತದೆ.

ನಾವು ಇಲ್ಲೇ ಇದ್ದೇವೆ, ಓದಲು.

ನಿಮ್ಮ,
ಗುರವ್ವನ ಮಗಳು ನೀಲಗಂಗಾ